ಗಂಟೆಗಟ್ಟಲೆ ಜೋರಾಗಿ ನುಡಿಯಬೇಕಾದ ಕಂಪ್ಯೂಟರ್ ಸ್ಪೀಕರ್: ಯಾವುದು ಬಾಳುತ್ತದೆ?

ಉಡುಪಿಯ ಹತ್ತಿರ, ಮಹಡಿಯ ಮೇಲಿನ ಒಂದು ಬಾಡಿಗೆ ಕೋಣೆಯಲ್ಲಿ ನಾನು ಮಕ್ಕಳಿಗೆ ನೃತ್ಯ ಕಲಿಸುತ್ತೇನೆ. ವಾರಕ್ಕೆ ಐದು ಸಂಜೆ, ದಿನಕ್ಕೆ ನಾಲ್ಕು ಗಂಟೆ ಲ್ಯಾಪ್‌ಟಾಪಿನಿಂದ ಹಾಡು ಹಾಕುತ್ತೇನೆ. ಗೆಜ್ಜೆ ಕಟ್ಟಿದ ಇಪ್ಪತ್ತು ಮಕ್ಕಳು ಒಟ್ಟಿಗೆ ತಟ್ಟಡವು ಮಾಡುವಾಗ ಹಿಂದಿನ ಸಾಲಿನ ಮಗುವಿಗೂ ತಾಳ ಕೇಳಿಸಬೇಕು. ಹಾಗಾಗಿ ಸ್ಪೀಕರ್ ಜೋರಾಗಿಯೇ ನುಡಿಯಬೇಕು. ಮೊದಲು ತಂದ ಸೆಟ್ ಹದಿನಾಲ್ಕು ತಿಂಗಳಿಗೆ ಮೌನವಾಯಿತು. ವಾರಂಟಿ ಇದ್ದದ್ದು ಹನ್ನೆರಡು ತಿಂಗಳು. ಎರಡನೆಯದು ಎರಡು ವರ್ಷ ಬಾಳಿತು. ಮೂರನೆಯದು ಆರನೆಯ ವರ್ಷದಲ್ಲೂ ನುಡಿಯುತ್ತಿದೆ. ಮೂರನೆಯದಕ್ಕೆ ಕೊಟ್ಟ ಹಣ ಮೊದಲಿನ ಎರಡೂ ಸೆಟ್‌ಗಳಿಗೆ ಕೊಟ್ಟ ಒಟ್ಟು ಹಣಕ್ಕಿಂತ ಹೆಚ್ಚೇನಲ್ಲ. ಈ ವ್ಯತ್ಯಾಸ ಎಲ್ಲಿಂದ ಬಂತೆಂದು ತಿಳಿದುಕೊಳ್ಳಲು ರಿಪೇರಿ ಅಂಗಡಿಗಳಲ್ಲಿ ಗಂಟೆಗಟ್ಟಲೆ ಕುಳಿತಿದ್ದೇನೆ, ಬಿಚ್ಚಿದ ಪೆಟ್ಟಿಗೆಗಳನ್ನು ನೋಡಿದ್ದೇನೆ. ನೃತ್ಯ ತರಗತಿಯಿರಲಿ, ಸಣ್ಣ ಜಿಮ್ ಇರಲಿ, ಮನೆಯಲ್ಲಿ ದಿನವಿಡೀ ಹಾಡು ಕೇಳುವ ಅಭ್ಯಾಸವಿರಲಿ, ಇದೇ ತೊಂದರೆಯಲ್ಲಿರುವವರಿಗಾಗಿ ಇದನ್ನು ಬರೆಯುತ್ತಿದ್ದೇನೆ.

ದೂರ ಮೊದಲು, ವ್ಯಾಟ್ ಆಮೇಲೆ

ಅಂಗಡಿಯಲ್ಲಿ ನಾವು ಕೇಳುವ ಮೊದಲ ಪ್ರಶ್ನೆ "ಎಷ್ಟು ವ್ಯಾಟ್?" ಎಂಬುದು. ಅದಕ್ಕಿಂತ ಮೊದಲು ನಮ್ಮನ್ನು ನಾವೇ ಕೇಳಿಕೊಳ್ಳಬೇಕಾದದ್ದು "ಕೇಳುವವರು ಎಷ್ಟು ದೂರದಲ್ಲಿದ್ದಾರೆ?" ಎಂದು.

ಒಂದು ಲೆಕ್ಕ ನೋಡಿ. ಸಾಧಾರಣ ಸ್ಪೀಕರೊಂದು 1 ವ್ಯಾಟ್ ಕೊಟ್ಟಾಗ 1 ಮೀಟರ್ ದೂರದಲ್ಲಿ 86 ಡೆಸಿಬೆಲ್ ಶಬ್ದ ಮಾಡುತ್ತದೆ ಎಂದುಕೊಳ್ಳೋಣ. ಮೇಜಿನ ಮುಂದೆ 70 ಸೆಂಟಿಮೀಟರ್ ದೂರದಲ್ಲಿ ಕುಳಿತವರಿಗೆ ಅಂಥ ಎರಡು ಸ್ಪೀಕರುಗಳಿಂದ 85 ಡೆಸಿಬೆಲ್ ಬೇಕಾದರೆ ಪ್ರತಿಯೊಂದಕ್ಕೂ ಸುಮಾರು 0.2 ವ್ಯಾಟ್ ಸಾಕು. ಅದೇ 85 ಡೆಸಿಬೆಲ್ 4 ಮೀಟರ್ ಆಚೆ ನಿಂತವರಿಗೆ ಬೇಕೆಂದರೆ ಪ್ರತಿಯೊಂದಕ್ಕೂ ಸುಮಾರು 6 ವ್ಯಾಟ್ ಬೇಕು, ಅಂದರೆ ಮೂವತ್ತು ಪಟ್ಟು. ಗೋಡೆಗಳಿಂದ ಮರಳಿ ಬರುವ ಶಬ್ದ ಸೇರಿ ಇದು ಸ್ವಲ್ಪ ತಗ್ಗಬಹುದು, ಆದರೆ ಅಂತರ ದೊಡ್ಡದಾಗಿಯೇ ಉಳಿಯುತ್ತದೆ. ಇದೂ ಸರಾಸರಿಯ ಮಾತು. ಮೃದಂಗದ ಪೆಟ್ಟು, ನಟ್ಟುವಾಂಗದ ತಾಳದ ಸದ್ದು ಸರಾಸರಿಗಿಂತ 10 ಡೆಸಿಬೆಲ್ ಮೇಲೆ ಚಿಮ್ಮಿದರೆ ಆ ಕ್ಷಣಕ್ಕೆ ಹತ್ತು ಪಟ್ಟು ವ್ಯಾಟ್ ಬೇಕಾಗುತ್ತದೆ, ಅಂದರೆ 60 ವ್ಯಾಟ್. ಮೇಜಿನ ಮೇಲೆ ಹತ್ತು ವರ್ಷ ಬಾಳುವ ಸೆಟ್ ನನ್ನ ತರಗತಿಯಲ್ಲಿ ಒಂದು ವರ್ಷಕ್ಕೇ ಸೋತದ್ದು ಈ ಕಾರಣಕ್ಕೆ. ಅದು ಕೆಟ್ಟ ಸೆಟ್ ಆಗಿರಲಿಲ್ಲ, ಅದಕ್ಕೆ ನಾನು ಕೊಟ್ಟ ಕೆಲಸ ಅದರದ್ದಾಗಿರಲಿಲ್ಲ.

ಪೆಟ್ಟಿಗೆಯ ಮೇಲೆ ದೊಡ್ಡದಾಗಿ ಮುದ್ರಿಸಿರುವ ಪಿ.ಎಂ.ಪಿ.ಒ. (ಕ್ಷಣಮಾತ್ರದ ಗರಿಷ್ಠ ವ್ಯಾಟ್ ಎಂದು ಹೇಳಿಕೊಳ್ಳುವ) ಸಂಖ್ಯೆಯನ್ನು ಓದಲೇಬೇಡಿ. ಅದಕ್ಕೆ ಯಾವ ಒಪ್ಪಿತ ಅಳತೆಯೂ ಇಲ್ಲ. ಆರ್.ಎಂ.ಎಸ್. ವ್ಯಾಟ್, ಅಂದರೆ ಸತತವಾಗಿ ಕೊಡಬಲ್ಲ ವ್ಯಾಟ್, ಎಷ್ಟೆಂದು ನೋಡಿ. ಅದರ ಮೇಲೂ ಸಂಶಯ ಬಂದರೆ ಸ್ಪೀಕರಿನ ಹಿಂಬದಿಯ ಫಲಕ ಓದಿ. ಗೋಡೆಯಿಂದ ಅದು ಎಳೆಯುವ ವಿದ್ಯುತ್ತು 60 ವ್ಯಾಟ್ ಎಂದು ಅಲ್ಲಿ ಬರೆದಿದ್ದರೆ ಅದಕ್ಕಿಂತ ಹೆಚ್ಚನ್ನು ಅದು ಸತತವಾಗಿ ಹೊರಗೆ ಕೊಡಲು ಸಾಧ್ಯವೇ ಇಲ್ಲ.

ಶಾಖವೇ ಶತ್ರು

ಸ್ಪೀಕರಿಗೆ ಕೊಟ್ಟ ವಿದ್ಯುತ್ತಿನಲ್ಲಿ ಶಬ್ದವಾಗುವುದು ನೂರಕ್ಕೆ ಒಂದು ಪಾಲಿನಷ್ಟು ಮಾತ್ರ. ಉಳಿದದ್ದು ಶಾಖ. ನಡುಗಿ ಶಬ್ದ ಹೊರಡಿಸುವ ಕೋನಿನ ಬುಡದಲ್ಲಿ, ಮ್ಯಾಗ್ನೆಟ್ಟಿನ ಸಂದಿನಲ್ಲಿ ಓಡಾಡುವ ತಾಮ್ರದ ಕಾಯಿಲ್ ಈ ಶಾಖವನ್ನೆಲ್ಲ ನುಂಗಬೇಕು. ಕಾಯಿಲ್ 100 ಡಿಗ್ರಿ ಹೆಚ್ಚು ಬಿಸಿಯಾದರೆ ತಾಮ್ರದ ರೋಧ ಸುಮಾರು ಶೇ. 39ರಷ್ಟು ಏರುತ್ತದೆ. ಆಗ ಅದೇ ವಾಲ್ಯೂಮಿನಲ್ಲಿ ಶಬ್ದ ಕುಗ್ಗುತ್ತದೆ. ತರಗತಿಯ ಮೂರನೆಯ ಗಂಟೆಯಲ್ಲಿ "ಯಾಕೋ ಮೆತ್ತಗಾಯಿತು" ಎಂದು ನಾನು ಗುಬುಟ ತಿರುಗಿಸುತ್ತಿದ್ದೆ. ಬಿಸಿಯಾದ ಕಾಯಿಲಿಗೆ ಇನ್ನಷ್ಟು ಬಿಸಿ. ಕಾಯಿಲ್ ಹೀಗೆ ಸುಡುವುದು ಮೊದಲ ಸಾವು. ವಾರ್ಷಿಕೋತ್ಸವದ ತಿಂಗಳಲ್ಲಿ ಸಿನಿಮಾ ಹಾಡುಗಳ ಅಭ್ಯಾಸ ಶುರುವಾದರೆ ಇದು ಇನ್ನೂ ಹೆಚ್ಚುತ್ತಿತ್ತು. ಇಂದಿನ ಸಿನಿಮಾ ಹಾಡುಗಳನ್ನು ಮೊದಲಿನಿಂದ ಕೊನೆಯವರೆಗೆ ಒಂದೇ ಮಟ್ಟದ ಜೋರಿಗೆ ಒತ್ತಿ ಮುದ್ರಿಸಿರುತ್ತಾರೆ. ಮೃದಂಗ, ವೀಣೆಯ ಧ್ವನಿಮುದ್ರಣದಲ್ಲಿ ಕಾಯಿಲಿಗೆ ನಡುನಡುವೆ ಸಿಗುವ ಬಿಡುವು ಇಲ್ಲಿ ಸಿಗುವುದಿಲ್ಲ.

ಎರಡನೆಯ ಸಾವು ಆಂಪ್ಲಿಫೈಯರಿನೊಳಗೆ ವಿದ್ಯುತ್ತನ್ನು ಕೂಡಿಟ್ಟು ಕೊಡುವ ಕೆಪ್ಯಾಸಿಟರುಗಳದ್ದು. ಡಬ್ಬಿಯಂತೆ ನಿಂತಿರುವ ಇವುಗಳ ಮೇಲೆ 85 ಅಥವಾ 105 ಡಿಗ್ರಿ ಎಂದು ಬರೆದಿರುತ್ತದೆ. ಉಷ್ಣತೆ ಪ್ರತಿ 10 ಡಿಗ್ರಿ ಏರಿದಾಗ ಇವುಗಳ ಆಯುಷ್ಯ ಹೆಚ್ಚುಕಡಿಮೆ ಅರ್ಧಕ್ಕಿಳಿಯುತ್ತದೆ. ಗಾಳಿಯಾಡದ ಪೆಟ್ಟಿಗೆಯೊಳಗೆ 20 ಡಿಗ್ರಿ ಹೆಚ್ಚು ಬಿಸಿಯಲ್ಲಿ ಬೆಂದರೆ ಎಂಟು ವರ್ಷದ ಆಯುಷ್ಯ ಎರಡಕ್ಕಿಳಿಯುತ್ತದೆ.

ಮೂರನೆಯದು ಎತ್ತರದ ಸ್ವರ ನುಡಿಸುವ ಪುಟ್ಟ ಸ್ಪೀಕರಿನ, ಅಂದರೆ ಟ್ವೀಟರಿನ ಸಾವು, ಎಲ್ಲರೂ ತಪ್ಪು ತಿಳಿಯುವ ಸಾವು. ಚಿಕ್ಕ ಆಂಪ್ಲಿಫೈಯರನ್ನು ಅದರ ಮಿತಿ ಮೀರಿ ತಿರುಗಿಸಿದಾಗ ಧ್ವನಿಯ ಅಲೆಯ ತಲೆ ಕತ್ತರಿಸಿ ಹೋಗುತ್ತದೆ. ಕತ್ತರಿಸಿದ ಅಲೆಯಲ್ಲಿ ಮೂಲ ಹಾಡಿನಲ್ಲಿ ಇಲ್ಲದ ಎತ್ತರದ ಸ್ವರಗಳು ಹುಟ್ಟಿಕೊಂಡು, ಸೂಕ್ಷ್ಮ ತಂತಿಯ ಟ್ವೀಟರಿನತ್ತ ಹೋಗಿ ಅದನ್ನು ಸುಡುತ್ತವೆ. ದೊಡ್ಡ ಆಂಪ್ಲಿಫೈಯರನ್ನು ಹಿತವಾಗಿ ನುಡಿಸುವುದಕ್ಕಿಂತ ಚಿಕ್ಕದನ್ನು ಕೊನೆಯವರೆಗೆ ತಿರುಗಿಸುವುದೇ ಹೆಚ್ಚು ಅಪಾಯ ಎಂದು ಹೇಳಿದರೆ ಹಲವರು ನಂಬುವುದಿಲ್ಲ. ನಾನೂ ಮೊದಲು ನಂಬಿರಲಿಲ್ಲ.

ನಮ್ಮ ಕರಾವಳಿಗೆ ಇನ್ನೂ ಒಂದು ಕಷ್ಟವಿದೆ: ತೇವ ಮತ್ತು ಉಪ್ಪುಗಾಳಿ. ಕೋನಿನ ಸುತ್ತಲಿನ ಅಂಚು ಸ್ಪಂಜಿನದ್ದಾಗಿದ್ದರೆ ಸೆಕೆ, ತೇವಕ್ಕೆ ಪುಡಿಪುಡಿಯಾಗುತ್ತದೆ. ರಬ್ಬರಿನ ಅಂಚು ಇದಕ್ಕಿಂತ ಎಷ್ಟೋ ಕಾಲ ಬಾಳುತ್ತದೆ. ಕೊಳ್ಳುವಾಗ ಮುಂದಿನ ಜಾಲರಿ ತೆಗೆಸಿ ಇದೊಂದನ್ನು ನೋಡಿಯೇ ಹಣ ಕೊಡಿ.

ಸಬ್‌ವೂಫರ್ ಇರುವ 2.1 ಸೆಟ್

ಹೆಚ್ಚಿನವರು ಮೊದಲು ಕೊಳ್ಳುವುದು ಇದನ್ನೇ. ಒಂದು ಬೇಸ್ ಪೆಟ್ಟಿಗೆ, ಎರಡು ಪುಟ್ಟ ಸ್ಪೀಕರ್. ಕೊಟ್ಟ ಹಣಕ್ಕೆ ಬೇಸ್ ಚೆನ್ನಾಗಿ ಬರುತ್ತದೆ, ಮೇಜಿನ ಮೇಲೆ ಜಾಗ ತಿನ್ನುವುದಿಲ್ಲ. ಲಾಜಿಟೆಕ್‌ನ ಜ಼ಡ್623ರಂಥ ದೊಡ್ಡ ಸೆಟ್‌ಗಳು 200 ವ್ಯಾಟ್ ಆರ್.ಎಂ.ಎಸ್. ಕೊಡುತ್ತವೆ. ಕೋಣೆಯಲ್ಲಿ ಒಬ್ಬರೇ ಕುಳಿತು ಹಾಡು ಕೇಳಲು, ಆಟವಾಡಲು ಇದು ಧಾರಾಳ.

ಸತತ ಜೋರಿಗೆ ಇದರ ವಿನ್ಯಾಸವೇ ಅಡ್ಡಿ. ಇಡೀ ಸೆಟ್ಟಿನ ಆಂಪ್ಲಿಫೈಯರ್, ವಿದ್ಯುತ್ ಪೂರೈಕೆ ಎರಡೂ ಬೇಸ್ ಪೆಟ್ಟಿಗೆಯೊಳಗೆ, ಬೇಸ್ ನುಡಿಸುವ ವೂಫರಿನ ಬೆನ್ನ ಹಿಂದೆಯೇ ಇರುತ್ತವೆ. ಅಲ್ಲಿ ಶಾಖವೂ ಇದೆ, ಪ್ರತಿ ಬೇಸ್ ಪೆಟ್ಟಿಗೂ ನಡುಗುವ ಗಾಳಿಯೂ ಇದೆ. ಆ ನಡುಕಕ್ಕೆ ದೊಡ್ಡ ಕೆಪ್ಯಾಸಿಟರುಗಳ ಕಾಲಿನ ಬೆಸುಗೆ ಬಿರುಕು ಬಿಡುತ್ತದೆ. ಭಾಗಗಳು ಅಲುಗದಿರಲಿ ಎಂದು ತಯಾರಿಕೆಯಲ್ಲಿ ಹಚ್ಚುವ ಹಳದಿ ಅಂಟು ವರ್ಷಗಟ್ಟಲೆ ಬಿಸಿಗೆ ಕಂದುಬಣ್ಣಕ್ಕೆ ತಿರುಗಿ, ಕೆಲವೊಮ್ಮೆ ವಿದ್ಯುತ್ತನ್ನೇ ಹಾಯಿಸಲು ಶುರುಮಾಡುತ್ತದೆ. ನನ್ನ ಮೊದಲ ಸೆಟ್ಟನ್ನು ಬಿಚ್ಚಿದಾಗ ಕಂಡದ್ದು ಇದೇ: ಕಂದು ಅಂಟು, ತಲೆ ಉಬ್ಬಿದ ಎರಡು ಕೆಪ್ಯಾಸಿಟರ್, ಬಿರುಕು ಬಿಟ್ಟ ಬೆಸುಗೆ. ವೂಫರ್ ಮಾತ್ರ ಹೊಸದರಂತಿತ್ತು.

ಇನ್ನೊಂದು ತೊಂದರೆ ಬಿಡಿಭಾಗಗಳದ್ದು. ಹಲವು ಸೆಟ್‌ಗಳಲ್ಲಿ ವಾಲ್ಯೂಮ್ ಗುಬುಟ ಪ್ರತ್ಯೇಕ ಪೆಟ್ಟಿಗೆಯಲ್ಲಿದ್ದು, ಆ ಕಂಪನಿಯದ್ದೇ ಆದ ವಿಶೇಷ ಪಿನ್ನಿನಿಂದ ಜೋಡಿಕೊಂಡಿರುತ್ತದೆ. ಆ ಗುಬುಟ ಹೋದರೆ ಇಡೀ ಸೆಟ್ ಹೋದಂತೆ. ಅಗ್ಗದ ದೇಸಿ ಸೆಟ್‌ಗಳು ಇಲ್ಲಿ ಒಂದು ಹೆಜ್ಜೆ ಮುಂದಿವೆ ಎಂದು ನನ್ನ ಅನಿಸಿಕೆ. ಒಳಗೆ ಟಿಡಿಎ2030ರಂಥ ಹಳೆಯ, ಎಲ್ಲ ಕಡೆ ಸಿಗುವ ಐಸಿ ಇದ್ದರೆ ಊರಿನ ರೇಡಿಯೊ ರಿಪೇರಿಯವರೂ ಸರಿಮಾಡಿಕೊಡುತ್ತಾರೆ. ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಇಂಥ ಐಸಿಗಳನ್ನು ಬಿಡಿಯಾಗಿ ಕೊಳ್ಳಬಹುದು. ಈ ಐಸಿಗೆ ಅತಿ ಬಿಸಿಯಾದಾಗ ತಾನೇ ಆರಿ, ತಣಿದ ಮೇಲೆ ಮತ್ತೆ ಏಳುವ ರಕ್ಷಣೆಯೂ ಇದೆ. ಹಾಡು ನಡುವೆ ನಿಂತು ಸ್ವಲ್ಪ ಹೊತ್ತಿನ ಮೇಲೆ ತಾನೇ ಬಂದರೆ ಅದು ನಿಮಗೆ ಕೊಡುತ್ತಿರುವ ಎಚ್ಚರಿಕೆ ಎಂದು ತಿಳಿಯಿರಿ.

ಎರಡೇ ಪೆಟ್ಟಿಗೆಯ 2.0 ಸೆಟ್

ಎಡಿಫೈಯರ್ ಆರ್1280ಟಿಯಂಥವು ಈ ಗುಂಪಿಗೆ ಸೇರುತ್ತವೆ. ನಾಲ್ಕು ಅಂಗುಲದ ವೂಫರ್, ರೇಷ್ಮೆಯ ಟ್ವೀಟರ್, ಬದಿಗೆ 21 ವ್ಯಾಟ್. ನನ್ನ ಎರಡನೆಯ ಸೆಟ್ ಇದೇ ಬಗೆಯದು, ಕಂಪನಿ ಬೇರೆ. ಧ್ವನಿ 2.1ಕ್ಕಿಂತ ಎಷ್ಟೋ ಶುದ್ಧ. ವೀಣೆ, ಕೊಳಲು ತಂತಮ್ಮ ಬಣ್ಣದಲ್ಲಿ ಕೇಳುತ್ತವೆ. ಆಂಪ್ಲಿಫೈಯರ್ ಒಂದು ಪೆಟ್ಟಿಗೆಯಲ್ಲಿ ಮಾತ್ರ ಇರುತ್ತದೆ, ಇನ್ನೊಂದಕ್ಕೆ ಸಾಧಾರಣ ತಂತಿ ಹೋಗುತ್ತದೆ. ಹೀಗಾಗಿ ಹೋದರೆ ಸಾಮಾನ್ಯವಾಗಿ ಆಂಪ್ಲಿಫೈಯರ್ ಇರುವ ಪೆಟ್ಟಿಗೆಯೇ ಮೊದಲು ಹೋಗುತ್ತದೆ. ನನ್ನದೂ ಹಾಗೆಯೇ ಹೋಯಿತು. ಎರಡು ಮೀಟರಿನೊಳಗೆ ಕೇಳುವವರಿಗೆ ಇದನ್ನು ಸಂತೋಷದಿಂದ ಹೇಳುತ್ತೇನೆ. ಕೋಣೆ ತುಂಬಿಸಬೇಕಾದವರು ಇದನ್ನು ಕೊಳ್ಳಬೇಡಿ.

ಸ್ಟುಡಿಯೊ ಮಾನಿಟರ್

ಧ್ವನಿಮುದ್ರಣ ಕೋಣೆಗಳಿಗಾಗಿ ಮಾಡಿದ, ದಿನವಿಡೀ ನುಡಿಯಲೆಂದೇ ರೂಪಿಸಿದ ಸ್ಪೀಕರುಗಳಿವು. ಪ್ರತಿ ಪೆಟ್ಟಿಗೆಗೂ ಅದರದ್ದೇ ಆಂಪ್ಲಿಫೈಯರ್ ಇರುತ್ತದೆ. ಅದರಲ್ಲೂ ವೂಫರಿಗೆ ಒಂದು, ಟ್ವೀಟರಿಗೆ ಒಂದು. ಯಮಹಾ ಎಚ್‌ಎಸ್5ರಲ್ಲಿ ವೂಫರಿಗೆ 45 ವ್ಯಾಟ್, ಟ್ವೀಟರಿಗೆ 25 ವ್ಯಾಟ್. ಜೆಬಿಎಲ್ 305ಪಿ ಮಾರ್ಕ್ 2ರಲ್ಲಿ ಎರಡಕ್ಕೂ ತಲಾ 41 ವ್ಯಾಟ್, ಅದೂ ಡಿ ವರ್ಗದ ಆಂಪ್ಲಿಫೈಯರ್. ಡಿ ವರ್ಗದ್ದು ಎಳೆದ ವಿದ್ಯುತ್ತಿನ ಶೇ. 90ರ ಆಸುಪಾಸನ್ನು ಸ್ಪೀಕರಿಗೆ ಮುಟ್ಟಿಸಬಲ್ಲದು. ಹಳೆಯ ಎಬಿ ವರ್ಗದ್ದು ಹಾಡು ನುಡಿಸುವಾಗ ಅದಕ್ಕಿಂತ ಎಷ್ಟೋ ಹೆಚ್ಚು ಪಾಲನ್ನು ಬಿಸಿಯಾಗಿ ಚೆಲ್ಲುತ್ತದೆ. ಮುಚ್ಚಿದ ಪೆಟ್ಟಿಗೆಗೆ ಡಿ ವರ್ಗ ಒಳ್ಳೆಯದೆನ್ನುವುದು ಈ ಕಾರಣಕ್ಕೆ.

ಎರಡು ಆಂಪ್ಲಿಫೈಯರ್ ಇರುವುದರ ನಿಜವಾದ ಲಾಭ ಬೇರೆ. ಬೇಸ್ ಹೆಚ್ಚಾಗಿ ವೂಫರಿನ ಆಂಪ್ಲಿಫೈಯರಿನಲ್ಲಿ ಅಲೆ ಕತ್ತರಿಸಿದರೂ ಆ ಕೊಳೆ ಟ್ವೀಟರಿನ ದಾರಿಗೆ ಬರುವುದಿಲ್ಲ. ಟ್ವೀಟರ್ ಉಳಿಯುತ್ತದೆ. ಹೆಚ್ಚಿನ ಮಾನಿಟರುಗಳಲ್ಲಿ ಮಿತಿ ಮೀರಿದಾಗ ತಡೆಯುವ ರಕ್ಷಣೆಯೂ ಇರುತ್ತದೆ. ಒಂದು ಕೆಟ್ಟರೆ ಒಂದನ್ನೇ ಕೊಳ್ಳಬಹುದು, ಏಕೆಂದರೆ ಹಲವನ್ನು ಬಿಡಿಯಾಗಿಯೇ ಮಾರುತ್ತಾರೆ.

ಆದರೂ ಐದು ಅಂಗುಲದ ಮಾನಿಟರ್ ಹತ್ತಿರದ ಕಿವಿಗೆ ಮಾಡಿದ್ದು. ಎರಡು ಮೀಟರ್ ಒಳಗೆ ಗಂಟೆಗಟ್ಟಲೆ ಜೋರಾಗಿ ಕೇಳುವವರಿಗೆ ಈ ಪಟ್ಟಿಯಲ್ಲಿ ಇದಕ್ಕಿಂತ ಒಳ್ಳೆಯದಿಲ್ಲ. ನಾಲ್ಕು ಮೀಟರಿಗೆ ಎಂಟು ಅಂಗುಲದ್ದು ಬೇಕಾಗುತ್ತದೆ, ಬೆಲೆ ಏರುತ್ತದೆ. ರಿಪೇರಿಯೂ ಸುಲಭವಲ್ಲ. ಒಳಗಿನ ಹಲಗೆಯನ್ನು ಪೂರ್ತಿ ಬದಲಿಸಬೇಕೆಂದು ಸೇವಾ ಕೇಂದ್ರದಲ್ಲಿ ಹೇಳುವುದೇ ಹೆಚ್ಚು.

ಆಂಪ್ಲಿಫೈಯರ್ ಬೇರೆ, ಸ್ಪೀಕರ್ ಬೇರೆ

ನಾನು ಕೊನೆಗೆ ಬಂದು ನಿಂತದ್ದು ಇಲ್ಲಿ. ಕಂಪ್ಯೂಟರ್ ಸ್ಪೀಕರ್ ಹುಡುಕುವವರಿಗೆ ಇದು ಹಳೆಯ ಕಾಲದ ಸಲಹೆ ಎನಿಸಬಹುದು. ಆದರೆ ಬಾಳಿಕೆಯೇ ಮುಖ್ಯವಾದರೆ ಇದಕ್ಕೆ ಸಮನಾದುದನ್ನು ನಾನು ಕಂಡಿಲ್ಲ.

ಟ್ರಾನ್ಸ್‌ಫಾರ್ಮರ್ ಇರುವ ಒಂದು ಸ್ಟೀರಿಯೊ ಆಂಪ್ಲಿಫೈಯರ್, ಬದಿಗೆ 50–60 ವ್ಯಾಟ್ ನಿಜವಾದದ್ದು. ಆರೂವರೆ ಅಂಗುಲದ, ರಬ್ಬರ್ ಅಂಚಿನ ವೂಫರ್ ಇರುವ ಒಂದು ಜೊತೆ ಸ್ಪೀಕರ್. ಲ್ಯಾಪ್‌ಟಾಪಿನ ಹೆಡ್‌ಫೋನ್ ಕಿಂಡಿಯಿಂದ ಆಂಪ್ಲಿಫೈಯರಿನ ಕೆಂಪು-ಬಿಳಿ ಪಿನ್ನುಗಳಿಗೆ ಒಂದು ತಂತಿ. ಇಷ್ಟೇ. ಆಂಪ್ಲಿಫೈಯರ್ ಕಪಾಟಿನ ಮೇಲೆ ಗಾಳಿಯಲ್ಲಿ ತಣ್ಣಗಿರುತ್ತದೆ, ಬೇಸಿನ ನಡುಕ ಅದಕ್ಕೆ ತಟ್ಟುವುದಿಲ್ಲ. ಸ್ಪೀಕರ್ ಪೆಟ್ಟಿಗೆಯೊಳಗೆ ಕೆಡುವ ವಸ್ತುಗಳು ಕೆಲವೇ.

ಆರು ವರ್ಷಗಳಲ್ಲಿ ನನಗೆ ಬಂದ ತೊಂದರೆ ಎರಡು. ಒಂದು ಟ್ವೀಟರ್ ಹೋಯಿತು. ಅದನ್ನೊಂದನ್ನೇ ಬದಲಿಸಿದೆ. ವಾಲ್ಯೂಮ್ ಗುಬುಟ ತಿರುಗಿಸುವಾಗ ಕರಕರ ಎನ್ನತೊಡಗಿತು. ಶುಚಿಗೊಳಿಸುವ ದ್ರವ ಸಿಂಪಡಿಸಿದ ಮೇಲೆ ಸರಿಹೋಯಿತು. ನಾಳೆ ವೂಫರಿನ ಕಾಯಿಲ್ ಸುಟ್ಟರೂ ಧ್ವನಿವರ್ಧಕ ಬಾಡಿಗೆ ಕೊಡುವವರ ಊರಿನಲ್ಲೆಲ್ಲ ಕೋನ್, ಕಾಯಿಲ್ ಹೊಸದಾಗಿ ಕೂರಿಸುವವರು ಇದ್ದೇ ಇರುತ್ತಾರೆ. ಯಕ್ಷಗಾನ, ನೇಮ, ಜಾತ್ರೆಗಳ ನಮ್ಮ ಜಿಲ್ಲೆಯಲ್ಲಂತೂ ಅವರಿಗೆ ಬರವಿಲ್ಲ.

ಈ ದಾರಿಯ ಒಂದು ದೌರ್ಬಲ್ಯ ವೋಲ್ಟೇಜಿನದ್ದು. ಟ್ರಾನ್ಸ್‌ಫಾರ್ಮರ್ ಇರುವ ಆಂಪ್ಲಿಫೈಯರಿಗೆ ಒಳಗೆ ಬರುವ ವೋಲ್ಟೇಜ್ ಇಳಿದರೆ ಅದು ಕೊಡುವ ವ್ಯಾಟೂ ಇಳಿಯುತ್ತದೆ. ಸಂಜೆ 230 ವೋಲ್ಟ್ 180ಕ್ಕೆ ಇಳಿದರೆ 60 ವ್ಯಾಟಿನ ಆಂಪ್ಲಿಫೈಯರಿನಲ್ಲಿ ಉಳಿಯುವುದು 37 ವ್ಯಾಟ್. ಗುಬುಟ ಅದೇ ಜಾಗದಲ್ಲಿದ್ದರೂ ಅಲೆಯ ತಲೆ ಬೇಗ ಕತ್ತರಿಸುತ್ತದೆ. ನನ್ನ ಟ್ವೀಟರ್ ಹೋದದ್ದು ಅಂಥದೇ ಒಂದು ಸಂಜೆ. ಮೊಬೈಲ್ ಚಾರ್ಜರಿನಲ್ಲಿರುವಂಥ, 100ರಿಂದ 240 ವೋಲ್ಟಿನವರೆಗೆ ನಡೆಯುವ ಎಸ್.ಎಂ.ಪಿ.ಎಸ್. ಪೂರೈಕೆಗೆ ಈ ತೊಂದರೆ ಇಲ್ಲ. ಆದರೆ ಮಳೆಗಾಲದ ಸಿಡಿಲಿಗೆ, ಏಕಾಏಕಿ ಏರುವ ವೋಲ್ಟೇಜಿಗೆ ಟ್ರಾನ್ಸ್‌ಫಾರ್ಮರೇ ಹೆಚ್ಚು ಗಟ್ಟಿ. ನಿಮ್ಮ ಊರಿನ ಕಷ್ಟ ಯಾವುದೋ ಅದನ್ನು ನೋಡಿ ಆರಿಸಿ. ಏನೇ ಆದರೂ ಗುಡುಗು ಶುರುವಾದರೆ ಪ್ಲಗ್ ಕಿತ್ತಿಡಿ, ಸ್ವಿಚ್ ಆರಿಸಿದರೆ ಸಾಲದು.

ಸಭೆಯ ಸ್ಪೀಕರ್, ಸೌಂಡ್‌ಬಾರ್ ಮತ್ತು ಬ್ಲೂಟೂತ್

ಕೋಣೆ ದೊಡ್ಡದು, ನಲವತ್ತು ಜನ, ಐದಾರು ಮೀಟರ್ ಎಂದಾದರೆ ಎಂಟು ಅಥವಾ ಹತ್ತು ಅಂಗುಲದ ಸಭೆಯ ಸ್ಪೀಕರ್ ತನ್ನಿ. ಕಡಿಮೆ ವ್ಯಾಟಿಗೆ ಹೆಚ್ಚು ಶಬ್ದ ಕೊಡುವಂತೆ ಅವನ್ನು ಮಾಡಿರುತ್ತಾರೆ, ಕೋನಿನ ಅಂಚು ನೆರಿಗೆ ಹಾಕಿದ ಬಟ್ಟೆಯದ್ದಾಗಿರುವುದೂ ಉಂಟು, ಅದು ಬಹಳ ಗಟ್ಟಿ. ಮನೆಗಳ ನಡುವೆ ಇರುವವರು ಒಂದು ನೆನಪಿಡಬೇಕು. 2000ದ ಶಬ್ದಮಾಲಿನ್ಯ ನಿಯಮಗಳಂತೆ ವಸತಿ ಪ್ರದೇಶದಲ್ಲಿ ಹಗಲಿನ ಮಿತಿ 55 ಡೆಸಿಬೆಲ್, ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ 45. ಇಂಥ ಸ್ಪೀಕರ್ ತಂದ ಮೇಲೆ ಕಿಟಕಿ ಮುಚ್ಚಲೇಬೇಕಾಗುತ್ತದೆ.

ಸೌಂಡ್‌ಬಾರ್ ಟಿವಿಯ ಮಾತು ಕೇಳಲು. ಬ್ಲೂಟೂತ್ ಡಬ್ಬಿಯ ಬ್ಯಾಟರಿಗೆ ಸದಾ ಚಾರ್ಜಿಂಗ್ ಮತ್ತು ಬಿಸಿ ಎರಡೂ ಆಗದು. ಇವೆರಡನ್ನೂ ಈ ಕೆಲಸಕ್ಕೆ ಪರಿಗಣಿಸಬೇಡಿ.

ಯಾವುದನ್ನೇ ತಂದರೂ

ಬೇಸ್ ಗುಬುಟವನ್ನು ನಡುವಿನಿಂದ ಮೇಲಕ್ಕೆ ತಿರುಗಿಸಬೇಡಿ. 6 ಡೆಸಿಬೆಲ್ ಬೇಸ್ ಏರಿಸಿದರೆ ಆ ಸ್ವರಗಳಿಗೆ ನಾಲ್ಕು ಪಟ್ಟು ವ್ಯಾಟ್ ಹೋಗುತ್ತದೆ. ಬೇಸ್ ಸಾಲದೆಂದರೆ ಪೆಟ್ಟಿಗೆಯನ್ನು ಗೋಡೆಯ ಮೂಲೆಯತ್ತ ಸರಿಸಿ, ಒಂದು ವ್ಯಾಟ್ ಖರ್ಚಿಲ್ಲದೆ ಬೇಸ್ ಹೆಚ್ಚುತ್ತದೆ. ಹಿಂಬದಿಯ ಲೋಹದ ಫಲಕಕ್ಕೆ ಮಾತ್ರ ಒಂದು ಗೇಣಾದರೂ ಗಾಳಿ ಬಿಡಿ.

ಪೆಟ್ಟಿಗೆಯಲ್ಲಿ ಗಾಳಿಯ ತೂತು ಇದ್ದರೆ, ತೀರಾ ಕೆಳಗಿನ ಸ್ವರಗಳಲ್ಲಿ ಕೋನಿಗೆ ಗಾಳಿಯ ತಡೆಯೇ ಇಲ್ಲದೆ ಅದು ಹುಚ್ಚಾಗಿ ಕುಣಿಯುತ್ತದೆ, ನಮಗೆ ಕೇಳಿಸುವುದು ಕಡಿಮೆ. ವಿಂಡೋಸಿಗೆ ಈಕ್ವಲೈಸರ್ ಎಪಿಒ ಎಂಬ ಉಚಿತ ತಂತ್ರಾಂಶವಿದೆ. ಅದರಲ್ಲಿ 45 ಹರ್ಟ್ಸ್‌ಗಿಂತ ಕೆಳಗಿನದನ್ನು ಕತ್ತರಿಸಿಬಿಡಿ. ಪುಟ್ಟ ವೂಫರುಗಳಿಗೆ ಇದಕ್ಕಿಂತ ದೊಡ್ಡ ಉಪಕಾರವಿಲ್ಲ. ಅದೇ ತೂತಿನೊಳಗೆ ಹಲ್ಲಿ, ಜಿರಲೆ, ಇರುವೆ ಮನೆ ಮಾಡುತ್ತವೆ. ಬೆಚ್ಚಗಿನ ಜಾಗ ಅವಕ್ಕೂ ಬೇಕು. ತೆಳುವಾದ ಸೊಳ್ಳೆಪರದೆಯ ತುಂಡೊಂದನ್ನು ಅಡ್ಡ ಕಟ್ಟಿ.

ಹಳೆಯ ಸ್ಪೀಕರ್ ಕೊಳ್ಳುವವರು ಮಲ್ಟಿಮೀಟರ್ ಒಯ್ಯಿರಿ. 8 ಓಮಿನ ವೂಫರ್ 6ರ ಆಸುಪಾಸು ತೋರಿಸಬೇಕು, 4 ಓಮಿನದ್ದು 3ಕ್ಕಿಂತ ಸ್ವಲ್ಪ ಮೇಲೆ. ನಾಲ್ಕು ಬೆರಳಿನಿಂದ ಕೋನನ್ನು ಸಮನಾಗಿ, ಮೆಲ್ಲಗೆ ಒತ್ತಿ ಬಿಡಿ. ಕರ್ರೆಂದು ಉಜ್ಜಿದ ಸದ್ದು ಬಂದರೆ ಕಾಯಿಲ್ ಒಮ್ಮೆ ಬೆಂದು ಡೊಂಕಾಗಿದೆ, ಬಿಟ್ಟು ಬನ್ನಿ.

ಹೊಸದನ್ನು ತಂದವರು ಮೊದಲ ವಾರದಲ್ಲೇ, ಅಂಗಡಿಯವರು ವಾಪಸು ತೆಗೆದುಕೊಳ್ಳುವ ಅವಧಿಯೊಳಗೆ, ನಿಮಗೆ ನಿಜವಾಗಿ ಬೇಕಾದ ಜೋರಿನಲ್ಲಿ ಎರಡು ಗಂಟೆ ನುಡಿಸಿ ಹಿಂಬದಿಯ ಫಲಕದ ಮೇಲೆ ಅಂಗೈ ಇಡಿ. ಐದು ಸೆಕೆಂಡು ಇಡಲು ಆದರೆ ಸರಿ. ಕೈ ತಾನಾಗಿ ಹಿಂದಕ್ಕೆ ಬಂದರೆ ಬಿಲ್ಲು ಹುಡುಕಿ, ಅಂದೇ ಅಂಗಡಿಗೆ ಹೋಗಿ ಒಂದು ಅಳತೆ ದೊಡ್ಡದನ್ನು ಕೇಳಿ.